ಬೀಗರ ಹಾಡಿನಲ್ಲಿ ಅತ್ತೆಯ ಹೆಸರು

ಕುಣಿಗಲ್
13-11-2025, ಗುರುವಾರ

ನನ್ನ ಮುದ್ದು ನಂದೂ,

ನಿನ್ನ ಅಕ್ಕ ಶಿವನಂಜಮ್ಮ ತಲೆ ಸವರಿ ಮಾಡುವ ಆಶೀರ್ವಾದ. ಮೊದಲು ಕ್ಷೇಮ ಕೇಳಬೇಕು, ನನಗೂ ಗೊತ್ತು. ಆದರೆ ಈವತ್ತು ಕನಸಿನಿಂದಲೇ ಶುರು ಮಾಡುತ್ತೇನೆ, ಅದು ಎದೆಯಿಂದ ಇಳಿದರೆ ಉಳಿದದ್ದನ್ನು ಬರೆಯಲು ಕೈ ಬರುತ್ತದೆ. ಬೆಳಗಿನ ಜಾವ ಬಿದ್ದ ಕನಸು. ತುಮಕೂರಿನ ಗಾಜಿನ ಮನೆಯಲ್ಲಿ ಸ್ಟೇಜಿನ ಮೇಲೆ ನೀನು ನನ್ನ ಧಾರೆ ಸೀರೆ ಉಟ್ಟು ಮೈಕಿನ ಮುಂದೆ ನಿಂತಿದ್ದೆ. ಬಾಯಿ ತೆರೆದರೆ ಹಾಡು ಬರಲಿಲ್ಲ, ರಾಗಿ ಹಿಟ್ಟು ಸುರಿಯಿತು. ನಮ್ಮ ಮಿಲ್ಲಿನಲ್ಲಿ ಸುರಿಯುವ ಹಾಗೆಯೇ, ಬಿಸಿಬಿಸಿ, ಸಣ್ಣಗೆ. ಕೂತಿದ್ದ ಜನ ಯಾರೂ ಗಾಬರಿಯಾಗಲಿಲ್ಲ. ಡಬ್ಬ, ಚೀಲ ಹಿಡಿದುಕೊಂಡು ಎದ್ದು ಸಾಲು ನಿಂತರು. ನಮ್ಮತ್ತೆ ಸಾಲು ಸರಿ ಮಾಡುತ್ತಿದ್ದರು. ನಾನು ನಿನ್ನ ಹಿಂದೆ ಬಂದು ಬೆನ್ನ ಮೇಲೆಲ್ಲ ತಡವುತ್ತಿದ್ದೆ, ಎಲ್ಲೋ ಒಂದು ಸ್ವಿಚ್ಚು ಇರಬೇಕು, ಆಫ್ ಮಾಡೋಣ ಎಂದು. ಸಿಗಲಿಲ್ಲ. ಎದ್ದವಳೇ ನಲ್ಲಿ ಬಿಟ್ಟು ನೀರಿಗೆ ಕನಸು ಹೇಳಿದೆ. ಹರಿಯುವ ನೀರಿಗೆ ಹೇಳಿದರೆ ಕೆಟ್ಟದ್ದು ಹರಿದುಹೋಗುತ್ತದೆ ಎಂದು ಅಜ್ಜಿ ಹೇಳುತ್ತಿದ್ದಳಲ್ಲ. ಆದರೆ ನಮ್ಮ ಬೀದಿಯ ನಲ್ಲಿ ಗೊತ್ತಲ್ಲ, ಅರ್ಧ ಹೇಳುವಷ್ಟರಲ್ಲಿ ನಿಂತುಹೋಯಿತು. ಉಳಿದರ್ಧ ನಿನಗೆ ಹೇಳಿದಂತಾಯಿತು. ತಪ್ಪು ತಿಳಿಯಬೇಡ, ಓದಿ ಆದಮೇಲೆ ಕಾಲು ತೊಳೆದುಕೋ.

ಈಗ ಹೇಳು, ಹೇಗಿದ್ದೀಯ? ಮರಳೂರಿನ ಹಾಸ್ಟೆಲಿನಲ್ಲಿ ಬಿಸಿನೀರು ಬರುತ್ತಿದೆಯಾ? ಡಾಕ್ಟರು ಬರೆದುಕೊಟ್ಟ ರಕ್ತದ ಮಾತ್ರೆ ನುಂಗುತ್ತಿದ್ದೀಯೋ, ವಾಸನೆ ಎಂದು ಕಿಟಕಿಯಿಂದ ಎಸೆಯುತ್ತಿದ್ದೀಯೋ? ಎಸೆಯುವವಳೇ ನೀನು. ಸ್ಟೇಜ್ ಹತ್ತುವ ದಿನ ಖಾಲಿ ಹೊಟ್ಟೆಯಲ್ಲಿ ಹೋಗಬೇಡ, ತಲೆ ಸುತ್ತಿ ಬಿದ್ದರೆ ನೋಡುವವರು ಯಾರು. ನಮ್ಮೂರು ಗುಬ್ಬಿಗೆ ಹೋಗಿದ್ದೆಯಾ? ಅಜ್ಜಿ ಹೇಗಿದ್ದಾಳೆ? ಲಕ್ವ ಹೊಡೆದ ಮೇಲೆ ಅವಳ ಬಾಯಿಂದ ಮಾತು ಹೊರಡುವುದಿಲ್ಲ, ಸರಿ, ಆದರೆ ಯಾರಾದರೂ ಹತ್ತಿರ ಕೂತು ಹಾಡಿದರೆ ಅವಳ ಎಡಗೈ ಬೆರಳು ತಾಳ ಹಾಕುತ್ತದೆ ಎಂದು ಅಪ್ಪ ಹೇಳಿದ್ದರು. ಅದು ಈಗಲೂ ಆಗುತ್ತಿದೆಯಾ, ನಿಂತುಹೋಯಿತಾ, ನನಗೆ ಹೇಳುವವರಿಲ್ಲ. ಅಪ್ಪನ ಮಂಡಿ ನೋವು, ಅವರ ಬಿ.ಪಿ., ಎಲ್ಲವನ್ನೂ ಯೋಚಿಸಿ ಯೋಚಿಸಿ ನನಗೇ ಬಿ.ಪಿ. ಬಂದಿದೆಯೋ ಏನೋ.

ಫೋನು ಇಟ್ಟುಕೊಂಡು ಅಕ್ಕ ಯಾಕೆ ಕಾಗದ ಬರೆಯುತ್ತಿದ್ದಾಳೆ ಎಂದುಕೊಳ್ಳುತ್ತೀಯ. ಫೋನು ಅತ್ತೆಯ ಎಲೆಅಡಿಕೆ ಚೀಲದಲ್ಲಿದೆ. ಎರಡು ವಾರವಾಯಿತು. ಈ ಕಾಗದವನ್ನು ಹೂವಿನ ರಂಗಣ್ಣನ ಕೈಯಲ್ಲಿ ಕೊಡುತ್ತೇನೆ. ನಮ್ಮ ಬೀದಿಗೆ ಸಾಯಂಕಾಲ ಹೂವು ತರುವವನು, ಬೆಳಿಗ್ಗೆ ಎದ್ದು ಹೆಬ್ಬೂರು ಮೇಲೆ ತುಮಕೂರು ಮಾರ್ಕೆಟ್ಟಿಗೆ ಹೋಗುತ್ತಾನೆ, ಹಾಸ್ಟೆಲ್ ಗೇಟಿನಲ್ಲಿ ನಿನ್ನ ಕೈಗೇ ಕೊಡುತ್ತೇನೆ ಎಂದಿದ್ದಾನೆ. ಅಕ್ಷರ ತಪ್ಪಿದ್ದರೆ ನಗಬೇಡ. ಅಮ್ಮ ಹೋದಾಗ ಏಳನೇ ಕ್ಲಾಸಿಗೆ ಬಿಟ್ಟೆ, ಸೊಂಟದ ಮೇಲೆ ನೀನಿದ್ದೆಯಲ್ಲ. ಎರಡು ವರ್ಷದ ಮೇಲೆ ಅಪ್ಪ ಮತ್ತೆ ಎಂಟಕ್ಕೆ ಸೇರಿಸಿದರು, ಸಣ್ಣ ಹುಡುಗಿಯರ ಮಧ್ಯೆ ತೆಂಗಿನಮರದ ಹಾಗೆ ಕೂರಲು ನಾಚಿಕೆಯಾಗಿ ಅದನ್ನೂ ಅರ್ಧಕ್ಕೆ ಬಿಟ್ಟೆ. ಹೀಗೆ ತುಂಡು ತುಂಡಾಗಿ ಕಲಿತ ಕೈ ಇದು.

ಈಗ ವಿಷಯಕ್ಕೆ ಬರುತ್ತೇನೆ. ದಸರಾ ಕಳೆದ ಮೇಲೆ ನೀನು ಫೋನು ಮಾಡಿದ್ದೆ. ನಿಮ್ಮ ಮೇಡಂ ಒಂದು ಕಾದಂಬರಿ ಕೊಟ್ಟಿದ್ದಾರೆ, ಅದರ ಒಂದೊಂದು ಭಾಗಕ್ಕೂ ಹೊಂದುವ ಹಾಡು ಹುಡುಕಿ, ಓದುತ್ತಾ ಹಾಡು ಹಾಕುತ್ತಾ ಸ್ಟೇಜಿನಲ್ಲಿ ತೋರಿಸಬೇಕು ಎಂದೆ. ಬೇರೆ ಹುಡುಗಿಯರೆಲ್ಲ ಸಿನಿಮಾ ಹಾಡು ತೆಗೆದುಕೊಂಡರು, ನೀನು ಮಾತ್ರ ನಮ್ಮ ಅಜ್ಜಿಯ ಹಾಡುಗಳೇ ಬೇಕು ಎಂದೆ. ಆ ಕಾದಂಬರಿಯ ಕಥೆ ನೀನು ಹೇಳಿದಾಗ ನಾನು ಮಹಡಿಯ ಮೇಲೆ ಮೆಣಸಿನಕಾಯಿ ಹರಡುತ್ತಿದ್ದೆ. ಮುಂದೆ ಯಾವುದೋ ಕಾಲ, ಸುತ್ತ ಗೋಡೆ ಕಟ್ಟಿದ ಊರು. ಹೆಣ್ಣುಮಗಳು ದೊಡ್ಡವಳಾದ ದಿನ ಊರಬಾಗಿಲಿನಲ್ಲಿ ಅವಳ ಹೆಸರನ್ನು ಕಿತ್ತುಕೊಳ್ಳುತ್ತಾರೆ. ಆಮೇಲೆ ಅವಳನ್ನು ಯಾವ ಮನೆಗೆ ಗೊತ್ತು ಮಾಡಿದರೋ ಆ ಮನೆಯ ಬಾಗಿಲ ನಂಬರೇ ಅವಳು. ಕಥೆಯ ಹುಡುಗಿ ಏಳನೇ ಬಾಗಿಲವಳು. ಆ ಪುಸ್ತಕದಲ್ಲಿ ಗಂಡಸರು ಜಾಸ್ತಿ ಬರುವುದೇ ಇಲ್ಲ ಎಂದೆ, ಅದು ನನಗೆ ವಿಚಿತ್ರವಾಯಿತು. ಬೀಗದ ಕೈ ಇಟ್ಟುಕೊಂಡವರು, ಊಟ ಅಳೆದು ಹಾಕುವವರು, ಯಾರು ಯಾರ ಜೊತೆ ಮಾತಾಡಿದರು ಎಂದು ನೋಡುವವರು ಎಲ್ಲ ವಯಸ್ಸಾದ ಹೆಂಗಸರು, ಕಾವಲಮ್ಮಂದಿರು. ಅವರೂ ಒಂದು ಕಾಲಕ್ಕೆ ಬಾಗಿಲ ನಂಬರುಗಳೇ. ಕಾವಲಮ್ಮ ಆದ ದಿನ ಮಾತ್ರ ಹೆಸರು ವಾಪಸು ಸಿಗುತ್ತದೆ. ಇಂಥದ್ದೆಲ್ಲ ಓದಿಸುತ್ತಾರಾ ಎಂದೆ. ನೀನು ನಕ್ಕೆ.

ಹುಡುಗಿಯನ್ನು ಮನೆಗೆ ಗೊತ್ತು ಮಾಡುವ ದಿನದ ಭಾಗಕ್ಕೆ ನಾನು ಹೆಣ್ಣು ಒಪ್ಪಿಸುವ ಹಾಡು ಹೇಳಿದೆ, ಕೇಳಿದವರು ಅಳುವಂಥದ್ದು. ನೀನು ಬೇಡ ಎಂದೆ. “ಅಕ್ಕಾ, ಅಲ್ಲಿಗೆ ಅರಿಶಿನ ಹಚ್ಚೋ ಹಾಡೇ ಆಗ್ಬೇಕು ಕಣೇ, ಖುಷಿಯಾಗಿರೋದು. ಆಗ್ಲೇ ಜನಕ್ಕೆ ಚುಚ್ಚೋದು” ಎಂದೆ. ಜೋಗುಳವನ್ನು ಹುಡುಗಿ ಹೆರುವ ಕಡೆ ಹಾಕುತ್ತೀಯ ಎಂದುಕೊಂಡಿದ್ದೆ, ನೀನು ಅದನ್ನು ಕಾವಲಮ್ಮ ಹೊರಗಿನಿಂದ ಬೀಗ ಹಾಕಿಕೊಂಡು ಹೋಗುವ ಕಡೆ ಹಾಕಿದೆ. ಊಟ ಅಳೆಯುವ ಭಾಗಕ್ಕೆ ರಾಗಿ ಬೀಸುವ ಪದ, ಅದೊಂದು ನನಗೆ ಸರಿ ಅನಿಸಿತು. ಆದರೆ ಅರಿಶಿನದ ಹಾಡಿಗೆ ನಿನ್ನ ಮೇಲೆ ಕೋಪ ಬಂದಿತ್ತು ನಂದೂ, ಈಗ ಹೇಳುತ್ತೇನೆ. ಅಜ್ಜಿ ಅದನ್ನು ನನ್ನ ಕೆನ್ನೆಗೆ ಅರಿಶಿನ ಹಚ್ಚುತ್ತಾ ಹಾಡಿದಳು, ಅವಳ ಕೈ ಒರಟು, ಹಾಡು ಮೆತ್ತಗೆ. ಅಂಥ ಒಂದು ಗಳಿಗೆ ನನಗೆ ಆಮೇಲೆ ಬರಲಿಲ್ಲ. ಅದನ್ನು ತೆಗೆದುಕೊಂಡು ಹೋಗಿ ಆ ಊರಿನ ಗೋಡೆಗೆ ಅಂಟಿಸಿದೆಯಲ್ಲ, ಆ ಹಾಡು ಯಾರಿಗೆ ಏನು ಮಾಡಿತ್ತು? ಈಗ ಅದು ನೆನಪಾದರೆ ಅಜ್ಜಿಯ ಕೈಗಿಂತ ಮೊದಲು ಗೋಡೆ ಕಣ್ಣಿಗೆ ಬರುತ್ತದೆ. ಒಂದು ಸಲ ಹಾಗೆ ಜೋಡಿಸಿದ್ದನ್ನು ಮತ್ತೆ ಬಿಡಿಸಲು ಆಗುತ್ತದೋ ಇಲ್ಲವೋ, ನಿಮ್ಮ ಮೇಡಂನ ಕೇಳಿ ನೋಡು.

ಆಮೇಲೆ ಕಾವಲಮ್ಮಂದಿರ ಭಾಗಕ್ಕೆ ಬೀಗರ ಹಾಡು ಬೇಕು ಎಂದೆ. ನೀನು ಆಗ ಹನ್ನೊಂದರ ಹುಡುಗಿ, ನನ್ನ ಮದುವೆಯ ಊಟವಾದ ಮೇಲೆ ಅಜ್ಜಿಯೂ ನಮ್ಮ ಕಡೆ ಹೆಂಗಸರೂ ಕೂತು ಗಂಡಿನ ತಾಯಿಯನ್ನು ಹೆಸರು ಹಿಡಿದು ಬೈದು ಹಾಡಿದ್ದು ನಿನಗೆ ಅಷ್ಟಿಷ್ಟು ನೆನಪಿತ್ತು. ಅವತ್ತು ನಮ್ಮತ್ತೆ ಎಷ್ಟು ನಕ್ಕರು! ಎದ್ದು ಬಂದು ಹಾಡಿದವರ ಮಡಿಲಿಗೆಲ್ಲ ಎಲೆ ಅಡಿಕೆ, ಬಾಳೆಹಣ್ಣು ಹಾಕಿದರು. ಬೈಸಿಕೊಂಡ ಬೀಗಿತಿ ಸಿಟ್ಟಾಗಬಾರದು, ನಕ್ಕು ತಾಂಬೂಲ ಕೊಡಬೇಕು, ಅದು ಶಾಸ್ತ್ರ. ಆ ಒಂದು ದಿನಕ್ಕೆ ಮಾತ್ರ. ಅಜ್ಜಿಯ ಬಾಯಿ ನಿಂತಿದೆ, ನೀನೇ ಹಾಡಿ ಕಳಿಸು ಎಂದು ನೀನು ಹಟ ಮಾಡಿದೆ. ನಾನು ನೀರಿನ ಟ್ಯಾಂಕಿನ ಹಿಂದೆ ಕೂತು, ಕೆಳಗೆ ಮಿಲ್ಲು ಓಡುವಾಗ, ಸೆರಗಿನಲ್ಲಿ ಫೋನು ಮುಚ್ಚಿಕೊಂಡು ಹಾಡಿದೆ.

ಬೀಗಿತಿ ಬಂದಳು ಬೀದೀಗೆ ಸಾಲದ ಸೊಂಟದವಳು
ಯಾರವ್ವ ಇವಳು ಸಿದ್ದಗಂಗಮ್ಮ
ಕುಕ್ಕೆ ಹೋಳಿಗೆ ತಿಂದು ಹಂಡೆ ಪಾಯಸ ಕುಡಿದು
ಹಸಿವು ಅಂತಾಳೆ ಸಿದ್ದಗಂಗಮ್ಮ

ಆ ಹಾಡನ್ನು ನಾನು ಪೂರ್ತಿ ಕೇಳಿದ್ದು ಒಂದೇ ಸಲ, ನನ್ನ ಮದುವೆಯಲ್ಲಿ. ಕಿವಿಗೆ ಹೇಗೆ ಬಿದ್ದಿತ್ತೋ ಬಾಯಿಗೆ ಹಾಗೇ ಬಂತು. ಆ ಜಾಗದಲ್ಲಿ ಯಾರದಾದರೂ ಹೆಸರು ಇರಲೇಬೇಕು, ನನಗೆ ಬೇರೆ ಹೆಸರು ಗೊತ್ತಿರಲಿಲ್ಲ. ಈ ಮನೆಗೆ ಬಂದಾಗಿನಿಂದ ಅತ್ತೆಯ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದವಳಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೂ ಕಾರ್ಡಿನ ಮೇಲೆ ಬೆರಳಿಟ್ಟು ತೋರಿಸಿದವಳು. ಹಾಡಿನಲ್ಲಿ ಹೇಳಿದೆ, ಹೇಳಿದೆ ಎಂಬುದೇ ಗೊತ್ತಾಗಲಿಲ್ಲ. ಕಾಲೇಜಿನಲ್ಲಿ ನೀನು ಅದನ್ನು ಹಾಕಿದೆ, ಜನ ಎದ್ದು ನಿಂತು ಚಪ್ಪಾಳೆ ಹೊಡೆದರಂತೆ. ಹೆಸರಿಲ್ಲದ ಹುಡುಗಿಯರು ಹೆಸರಿರುವ ಕಾವಲಮ್ಮನನ್ನು ಹೆಸರು ಹಿಡಿದು ಬೈಯುತ್ತಾರೆ, ಇದಕ್ಕಿಂತ ಬೇಕಾ ಎಂದು ನಿಮ್ಮ ಮೇಡಂ ಅಂದರಂತೆ. ಅದೇ ಕಾಲೇಜಿನಲ್ಲಿ ನಿನ್ನ ಭಾವನ ಚಿಕ್ಕಪ್ಪನ ಮಗಳು ಮೋನಿಕಾ ಬಿ.ಕಾಂ. ಓದುತ್ತಿದ್ದಾಳೆ ಎಂದು ನಿನಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಅವಳು ಅದನ್ನು ಫೋನಿನಲ್ಲಿ ಹಿಡಿದು, ನಗುವ ಮುಖದ ಗೊಂಬೆಗಳನ್ನು ಹಾಕಿ, ಅವರ ಮನೆತನದ ಗ್ರೂಪಿಗೆ ಕಳಿಸಿದಳು. ಅವಳಿಗೂ ಕೆಟ್ಟ ಮನಸ್ಸಿರಲಿಲ್ಲವೋ ಏನೋ. ಯಾರಿಗೆ ಗೊತ್ತು.

ಅದನ್ನು ಕೇಳಿ ಅತ್ತೆ ನನ್ನ ಫೋನು ಇಸಿದುಕೊಂಡರು, ಆದರೆ ಬೈಯಲಿಲ್ಲ. ಬೈದಿದ್ದರೆ ಅತ್ತು ಮುಗಿಸುತ್ತಿದ್ದೆ. ಮಧ್ಯಾಹ್ನ ನಾನು ಮುದ್ದೆ ತೊಳಸುತ್ತಿದ್ದಾಗ ಅಡುಗೆಮನೆಗೆ ಬಂದು, “ಚೆನ್ನಾಗ್ ಹಾಡಿದ್ಯಲ್ಲೇ. ಇಷ್ಟ್ ವರ್ಷ ನನ್ ಹೆಸ್ರು ಇಷ್ಟ್ ಚೆಂದಾಗ್ ಯಾರೂ ಕರ್ದಿರ್ಲಿಲ್ಲ. ಬಾ” ಎಂದರು. ಕೆಳಗೆ ಮಿಲ್ಲಿಗೆ ಕರೆದುಕೊಂಡು ಹೋದರು. ರಾಗಿ ಬೀಸಿಸಿಕೊಳ್ಳಲು ಬಂದವರು ಏಳೆಂಟು ಜನ ಕೂತಿದ್ದರು. ಅತ್ತೆ ಕುರ್ಚಿ ಹಾಕಿಸಿಕೊಂಡು ಕೂತು, “ಮೋಹ್ನಾ, ಮಿಶಿನ್ ನಿಲ್ಸ್ಲಾ, ನಿನ್ ಹೆಂಡ್ತಿ ಹಾಡ್ತಾಳೆ” ಎಂದರು. ನಿನ್ನ ಭಾವ ನನ್ನ ಮುಖ ನೋಡಲಿಲ್ಲ. ನಿಲ್ಲಿಸಿದರು. ಹಗಲು ಹೊತ್ತಿನಲ್ಲಿ ಕರೆಂಟು ಇದ್ದಾಗ ಆ ಮಿಲ್ಲು ನಿಂತದ್ದನ್ನು ನಾನು ನೋಡಿರಲಿಲ್ಲ, ಅಷ್ಟು ನಿಶ್ಶಬ್ದ. ಹಾಡಿದೆ. ಹೆಸರು ಬರುವ ಕಡೆ ದನಿ ಇಳಿಸಿದೆ. “ಗಟ್ಟಿಗೆ. ಅಲ್ಲೇ ಗಟ್ಟಿಗೆ ಹಾಡ್ಬೇಕು, ತುಮ್ಕೂರ್‌ನಲ್ ಗಟ್ಟಿಗ್ ಹಾಡಿದ್ಯಲ್ಲ” ಎಂದರು. ಮೊದಲಿನಿಂದ ಹಾಡಿದೆ. ಮುಗಿದ ಮೇಲೆ ಎಲೆಅಡಿಕೆ ಚೀಲ ಬಿಚ್ಚಿ, ಎರಡೆಲೆ ಒಂದಡಿಕೆ ತೆಗೆದು, ಸೆರಗು ಒಡ್ಡು ಎಂದು ನನ್ನ ಮಡಿಲಿಗೆ ಹಾಕಿದರು. ಶಾಸ್ತ್ರ ಬಿಡಬಾರದಂತೆ.

ಅಲ್ಲಿಂದ ದಿನಾ ಇದೇ. ಬೆಳಿಗ್ಗೆ ಒಂದು ಗುಂಪು, ಮಧ್ಯಾಹ್ನ ಒಂದು ಗುಂಪು, ಸಂಘದ ಹೆಂಗಸರು ಬಂದರೆ ಅವರಿಗೊಂದು ಸಲ. ನನಗೆ ಎಲೆ ಅಡಿಕೆ ಹಾಕುವ ಅಭ್ಯಾಸವಿಲ್ಲ, ಒಲೆಯ ಪಕ್ಕ ರಾಶಿ ಬಿದ್ದು ಒಣಗುತ್ತಿದೆ, ಎಸೆದರೆ ಅದಕ್ಕೊಂದು ಮಾತು ಬರುತ್ತದೆ. ಮೊದಲ ದಿನ ಹಿಂದಿನ ಬೀದಿಯ ಗುಂಡಯ್ಯ ಇದ್ದ. “ಥೂ, ಬುಡವ್ವ ಅತ್ಲಾಗೆ, ಪಾಪದ್ ಹೆಣ್ಣು” ಎಂದ. ಅತ್ತೆ, “ಪಾಪ ಏನ್ಲಾ ಗುಂಡಯ್ಯ? ನಾನೇನ್ ಹೊಡುದ್ನಾ, ಬೈದ್ನಾ? ಬೈಸ್ಕಂಡೋಳು ನಾನು, ತಾಂಬೂಲ ಕೊಡ್ತಿರೋಳೂ ನಾನು” ಎಂದರು. ಜನ ನಕ್ಕರು. ಮೊನ್ನೆ ಅದೇ ಗುಂಡಯ್ಯ ರಾಗಿ ಇಲ್ಲದೆ ಬಂದ. “ಎಲ್ಲವ್ವ ಹಾಡೋಳು? ನಮ್ ಭಾಮೈದ ಬಂದವ್ನೆ ಮಾಗ್ಡಿಯಿಂದ, ಒಂದ್ಸಲ ಕೇಳ್ಸು” ಎಂದು ಹಲ್ಲು ಕಿರಿದ. ಈಗ ಬೀದಿಗೆಲ್ಲ ನನ್ನ ಹೆಸರು ಹಾಡೋಳು. ಹಾಲು ಹಾಕುವವನೂ “ಹಾಡೋಳೇ, ಪಾತ್ರೆ ತಾ” ಎನ್ನುತ್ತಾನೆ. ಹರ್ಷಿತಾಗೆ ಏಳು ವರ್ಷ, ಅವಳಿಗೆ ಇದೆಲ್ಲ ಆಟ, ಅವಳೂ ಒಂದು ಸಲ ಹಾಡೋಳೇ ಎಂದು ಕೂಗಿ, ನನ್ನ ಮುಖ ನೋಡಿ, ಬಂದು ಸೊಂಟ ತಬ್ಬಿಕೊಂಡಳು.

ನಿನ್ನ ಭಾವನಿಗೆ ಹೇಳಿಕೊಂಡೆ, ಹೇಳದೆ ಇರಲಿಲ್ಲ. “ಅವ್ರೇನ್ ಹೊಡೀತವ್ರಾ? ಒಂದ್ ನಿಮ್ಸ ಹಾಡ್ಬುಟ್ ಬಾ. ಮಿಶಿನ್ ನಿಂತ್ರೆ ನಂಗೂ ಕ್ಯೂ ಬೆಳೀತದೆ, ನಾನೇನ್ ಹೇಳ್ತಿದೀನಾ?” ಎಂದರು. ಆಮೇಲೆ ನೆಲ ನೋಡಿಕೊಂಡು, “ನಮ್ಮವ್ವಂಗೆ ಯಾರ್ ಹೇಳೋರು” ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ ಎಂದು ಬರೆಯೋಣ ಎಂದುಕೊಂಡ ಕೈ ಬರೆಯುತ್ತಿಲ್ಲ.

ನೀನು ಭಾವನ ಫೋನಿಗೆ ಎಷ್ಟು ಸಲ ಮಾಡಿದೆ ಎಂದು ನನಗೆ ಗೊತ್ತು. ಅತ್ತೆ ಎತ್ತಿಕೊಂಡು, “ನಿಮ್ಮಕ್ಕ ಹಾಡ್ತಾವ್ಳೆ, ಆಮೇಲ್ ಮಾಡವ್ವ” ಎಂದು ಇಟ್ಟರಲ್ಲ, ನೀನು ಅದನ್ನು ತಮಾಷೆ ಎಂದುಕೊಂಡಿರುತ್ತೀಯ. ಅದು ನಿಜ ಕಣೇ, ಹಾಡುತ್ತಿದ್ದೆ. ಹೋದ ಭಾನುವಾರ ಮಾತ್ರ ನನ್ನ ಕೈಗೆ ಕೊಟ್ಟರು, ಸ್ಪೀಕರಿಗೆ ಹಾಕಿ ಕೊಟ್ಟರು, ಪಕ್ಕದಲ್ಲೇ ನಿಂತರು. ಹುಷಾರಾಗಿ ಮಾತಾಡು ಎಂದು ನಿನಗೆ ಹೇಗೆ ಹೇಳಲಿ? ಸನ್ನೆಗೆ ಕೆಮ್ಮಿದೆ. ನೀನು ನೆಗಡಿಯಾ ಎಂದೆ. ಆಮೇಲೆ ಒಂದೇ ಉಸಿರಿಗೆ, “ಅಕ್ಕಾ, ಸೆಲೆಕ್ಟ್ ಆದ್ವಿ, ಮುಂದಿನ್ ಭಾನ್ವಾರ ಗಾಜಿನ್ ಮನೇಲಿ ಫೈನಲ್ಲು! ಎಲ್ಲಾದಕ್ಕಿಂತ ನಿನ್ ಬೀಗರ್ ಹಾಡೇ ಬೆಸ್ಟು. ಅದ್ರಲ್ಲೂ ಆ ಸಿದ್ದಗಂಗಮ್ಮ ಅನ್ನೋ ಕಡೆ ಇದ್ಯಲ್ಲ, ಜನ ಬಿದ್ದೂ ಬಿದ್ದೂ ನಗ್ತಾರೆ ಕಣೇ” ಎಂದೆ. ಅತ್ತೆ ಫೋನು ತೆಗೆದುಕೊಂಡು, ಕಟ್ ಮಾಡಿ, ಚೀಲಕ್ಕೆ ಹಾಕಿ, ದಾರ ಎಳೆದು ಗಂಟು ಹಾಕಿದರು. ನಿನ್ನದೇನೂ ತಪ್ಪಿಲ್ಲ. ಆದರೂ ಆ ಮಾತು ನೀನು ಆಡಬಾರದಿತ್ತು.

ಅವತ್ತು ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. “ಭಾನ್ವಾರ ನನ್ ಹೆಸ್ರು ಮೈಕಲ್ ಬಂತೋ, ಸೋಮ್ವಾರ ಬೆಳಿಗ್ಗೆ ನೀನ್ ಗುಬ್ಬಿ ಬಸ್ ಹತ್ತು. ಮಗು ಇಲ್ಲೇ ಇರ್ತದೆ. ನಮ್ಮನೆ ಮಗು.” ನಿನ್ನ ಭಾವ ಅಲ್ಲೇ ಇದ್ದರು, ಚೀಲದ ಬಾಯಿ ಕಟ್ಟುತ್ತಿದ್ದರು, ಕಟ್ಟುವುದನ್ನು ಮುಂದುವರಿಸಿದರು. ನಂದೂ, ಅತ್ತೆ ಬರೀ ಮಾತಿಗೆ ಹೇಳುವವರಲ್ಲ. ಹರ್ಷಿತಾ ನನ್ನ ಕಿವಿ ಹಿಡಿದುಕೊಳ್ಳದೆ ನಿದ್ದೆ ಮಾಡುವುದಿಲ್ಲ. ಎರಡು ಜಡೆಯಲ್ಲಿ ಎಡಗಡೆಯದು ಬಿಗಿಯಾದರೆ ಸ್ಕೂಲಿನಲ್ಲೆಲ್ಲ ತಲೆನೋವು ಎಂದು ಕೂತಿರುತ್ತಾಳೆ, ಅದು ನನಗೆ ಮಾತ್ರ ಗೊತ್ತು. ಅಮ್ಮ ಇಲ್ಲದೆ ಬೆಳೆಯುವುದು ಹೇಗಿರುತ್ತದೆ ಎಂದು ನಿನಗೆ ನಾನು ಹೇಳಬೇಕಾ? ನಿನಗಾದರೂ ನಾನಿದ್ದೆ. ಅವಳಿಗೆ ಇವರಿರುತ್ತಾರೆ.

ಅದಕ್ಕೆ ಕೈ ಮುಗಿದು ಕೇಳುತ್ತೇನೆ, ಆ ಹೆಸರು ತೆಗೆದುಬಿಡು. ಹೆಸರು ತೆಗೆದರೆ ಹಾಡು ನಿಲ್ಲುವುದಿಲ್ಲ ಎಂದು ನನಗೂ ಗೊತ್ತು. ಮಿಲ್ಲಿನಲ್ಲಿ ಒಂದು ದಿನ ಹೆಸರು ನುಂಗಿ ಹಾಡಿ ನೋಡಿದೆ, ತಾಳ ಹಳ್ಳಕ್ಕೆ ಬಿದ್ದ ಹಾಗಾಯಿತು, ಅತ್ತೆ ಮೂರು ಸಲ ಮತ್ತೆ ಹಾಡಿಸಿದರು. ಬೇರೆ ಹೆಸರು ಹಾಕೋಣ ಎಂದರೆ ಯಾರದು ಹಾಕುವುದು? ಹಾಕಿದ ಹೆಸರಿನವರು ಒಬ್ಬರಾದರೂ ಆ ಜನದಲ್ಲಿ ಕೂತಿರುತ್ತಾರೆ. ಸತ್ತವರ ಹೆಸರು ಹಾಕೋಣ ಎಂದುಕೊಂಡೆ, ಸತ್ತವರಿಗೂ ಸೊಸೆಯರಿರುತ್ತಾರೆ. ಯಾರಿಗೂ ಇಲ್ಲದ ಹೆಸರು ಅಂತ ಒಂದು ಇದೆಯಾ, ನೀನು ಓದಿದವಳು. ಇಲ್ಲದಿದ್ದರೆ ಆ ಹಾಡನ್ನೇ ಬಿಟ್ಟುಬಿಡು, ಕಾವಲಮ್ಮಂದಿರ ಭಾಗಕ್ಕೆ ಹಾಡು ಬೇಡ, ಸುಮ್ಮನೆ ಓದಿಬಿಡು. ಪ್ರೈಜು ಬರದಿದ್ದರೆ ಬೇಡ. ನಿಮ್ಮ ಮೇಡಂ ಬೈದರೆ ಬೈಸಿಕೋ. ನೀನು ಸಿಟ್ಟು ಮಾಡಿಕೊಂಡು ಇಲ್ಲಿಗೆ ಬಂದು ಜಗಳ ಆಡುತ್ತೀಯ ಎಂಬುದೇ ನನಗೆ ಈಗ ದೊಡ್ಡ ಭಯ. ಬರಬೇಡ. ನೀನು ಬಂದರೆ ನಿನಗೂ ಕುರ್ಚಿ ಹಾಕಿಸಿ ನನ್ನನ್ನು ಹಾಡಿಸುತ್ತಾರೆ. ಅಪ್ಪನಿಗೆ ಹೇಳಬೇಡ. ಅಜ್ಜಿಯ ಕಿವಿಗೆ ಬೀಳಿಸಬೇಡ, ಅವಳಿಗೆ ಕಿವಿ ಚೆನ್ನಾಗಿದೆ.

ಅಪ್ಪನಿಗೆ ನನ್ನ ನಮಸ್ಕಾರ ತಿಳಿಸು, ನಾನು ಚೆನ್ನಾಗಿದ್ದೇನೆ, ಮಿಲ್ಲಿನಲ್ಲಿ ಕೆಲಸ ಜಾಸ್ತಿ, ಅದಕ್ಕೇ ಫೋನಿಲ್ಲ ಎನ್ನು. ಅಜ್ಜಿಯ ಎಡಗೈ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತಿರು. ಬೆಳಿಗ್ಗೆ ಚಳಿ ಬಿದ್ದಿದೆ, ಸ್ವೆಟರ್ ಹಾಕಿಕೋ, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಬೇಡ. ದೇವರಾಯನದುರ್ಗದ ಸ್ವಾಮಿ ನಿನ್ನ ಗಂಟಲನ್ನೂ ನಿನ್ನ ಓದನ್ನೂ ಕಾಪಾಡಲಿ. ನನ್ನ ಆಯಸ್ಸಿನಲ್ಲಿ ಒಂದಷ್ಟು ನಿನಗಿರಲಿ.

ಇಂತಿ ನಿನ್ನನ್ನು ಎತ್ತಿ ಆಡಿಸಿದ ಅಕ್ಕ,
ಶಿವನಂಜಮ್ಮ

ಮರುಬರಹ: ಕಾಗದ ಮಡಿಸಿ ಆಗಿತ್ತು. ರಂಗಣ್ಣ ಬಾಗಿಲಲ್ಲಿ ಹೂವು ಮೊಳ ಹಾಕುತ್ತಿದ್ದಾನೆ, ಬೇಗ ಬರೆಯುತ್ತೇನೆ. ಹಾಡು ತೆಗೆ ಎಂದು ಮೇಲೆ ಬರೆದದ್ದನ್ನು ಬಿಟ್ಟುಬಿಡು, ತೆಗೆಯಬೇಡ. ಅತ್ತೆ ಮನಸ್ಸು ಬದಲಾಯಿಸಿದ್ದಾರೆ. “ಹಾಡ್ ಇರ್ಲಿ, ಹೆಸ್ರು ಬದ್ಲಾಯ್ಸಿದ್ರೆ ಆಯ್ತು. ಯಾರ್ ಹೆಸ್ರು ಅಂತ ಯಾಕ್ ಒದ್ದಾಡ್ತೀಯ, ನಿಂದಿಲ್ವಾ?” ಎಂದರು. ನಾನು ಹೂಂ ಎಂದೆ, ಈಗಲೇ ಹಾಡುತ್ತೇನೆ ಎಂದೆ. “ನೀನ್ ಬ್ಯಾಡ, ನಿನ್ ಗಂಟ್ಲು ಒಡ್ದೋಗೈತೆ” ಎಂದು ಹರ್ಷಿತಾಳನ್ನು ಮಿಲ್ಲಿನಲ್ಲಿ ಕುರ್ಚಿಯ ಮೇಲೆ ನಿಲ್ಲಿಸಿ, ನನ್ನ ಫೋನಿನಲ್ಲೇ ಹಾಡಿಸಿಕೊಂಡರು. ದಿನಾ ಕೇಳಿ ಕೇಳಿ ಅವಳಿಗೆ ಪೂರ್ತಿ ಬಾಯಿಗೆ ಬಂದಿದೆ. ಯಾರವ್ವ ಇವಳು ಶಿವನಂಜಮ್ಮ. ಮಗುವಿಗೆ ಏನು ತಿಳಿಯುತ್ತದೆ, ನನ್ನ ಕಡೆಗೇ ಕೈ ತೋರಿಸಿಕೊಂಡು ಚೆನ್ನಾಗಿ ಹಾಡಿತು, ಜನ ಚಪ್ಪಾಳೆ ಹೊಡೆದರು, ಅತ್ತೆ ಅದರ ಮಡಿಲಿಗೆ ತಾಂಬೂಲ ಹಾಕಿದರು. ಅದನ್ನು ಮೋನಿಕಾಗೆ ಕಳಿಸಿದ್ದಾರೆ, ಅವಳು ಇಷ್ಟು ಹೊತ್ತಿಗೆ ನಿನಗೆ ಕಳಿಸಿರುತ್ತಾಳೆ. ಭಾನುವಾರ ಅದನ್ನೇ ಹಾಕು, ಎದುರು ಮಾತಾಡಬೇಡ. ಅತ್ತೆ ಮಗುವನ್ನು ಕರೆದುಕೊಂಡು ಮುಂದಿನ ಸಾಲಿನಲ್ಲಿ ಕೂರಲು ಬರುತ್ತಾರೆ. ನನ್ನ ಹೆಸರು ಸರಿಯಾಗಿ ಕೇಳಿಸದಿದ್ದರೆ ಮಗುವನ್ನೇ ಸ್ಟೇಜ್ ಹತ್ತಿಸಿ ಅಷ್ಟು ಜನದ ಮುಂದೆ ಮೈಕಿನಲ್ಲಿ ಹಾಡಿಸುತ್ತಾರಂತೆ. ಅದೊಂದು ಆಗಬಾರದು. ಹಸಿವು ಅಂತಾಳೆ ಎಂದು ಆದಮೇಲೆ ಹರ್ಷಿತಾ ನಕ್ಕುಬಿಟ್ಟಳು. ನಾನು ಬಾಗಿಲ ಹತ್ತಿರ ಇದ್ದೆ, ನನಗೆ ಸರಿಯಾಗಿ ಕೇಳಿಸಲಿಲ್ಲ. ಅಲ್ಲಿ ಶಿವನಂಜಮ್ಮ ಎಂದು ಪೂರ್ತಿ ಬಿದ್ದಿದೆಯೋ, ನಗುವಿನಲ್ಲಿ ಮೊದಲರ್ಧ ಹೋಗಿ ಬರೀ ನಂಜಮ್ಮ ಎಂದು ಬಿದ್ದಿದೆಯೋ, ಆ ಕಡೆಯೊಂದನ್ನು ಇನ್ನೊಂದು ಸಲ ಕೇಳಿ ನೋಡು.